ರಾಗಿಕಾಳಿನಷ್ಟು ಖಾಲಿ ಜಾಗ

ರಾಗಿಕಾಳಿಗಿಂತ ದೊಡ್ಡದಲ್ಲದ ಒಂದು ವಸ್ತು ಉದುರಿಹೋದರೆ ಒಬ್ಬ ರೈತ ರಾತ್ರಿ ಒಂದು ಗಂಟೆಗೆ ಎದ್ದು ತೋಟಕ್ಕೆ ನಡೆಯಬೇಕಾಗುತ್ತದೆಯೆ? ಆಗುತ್ತದೆ. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ಲಿನ ಮೋಟರು ಹಾಕಲು ಈಗ ತೋಟಕ್ಕೇ ಹೋಗಬೇಕೆಂದಿಲ್ಲ. ಜಗಲಿಯ ಮೇಲೆ ಕುಳಿತು ಮೊಬೈಲಿನಿಂದ ಒಂದು ಕರೆ ಮಾಡಿದರೆ ಸಾಕು. ಎರಡು ಕಿಲೋಮೀಟರ್ ಆಚೆ, ಪಂಪಿನ ಮನೆಯ ಗೋಡೆಗೆ ಬಿಗಿದ ಪೆಟ್ಟಿಗೆ ಆ ಕರೆಯನ್ನು ಕೇಳಿಸಿಕೊಳ್ಳುತ್ತದೆ. ಮೂರು ಫೇಸೂ ಸರಿಯಾಗಿವೆಯೆ ಎಂದು ನೋಡುತ್ತದೆ. ಆಮೇಲೆ 'ಟಕ್' ಎಂದು ಕಾಂಟ್ಯಾಕ್ಟರನ್ನು ಎಳೆದು ಮೋಟರಿಗೆ ಕರೆಂಟು ಕೊಡುತ್ತದೆ. ಬಾವಿಯಲ್ಲಿ ನೀರು ತೀರಿದರೆ, ಒಂದು ಫೇಸ್ ಹೋದರೆ, ತಾನೇ ನಿಲ್ಲಿಸುತ್ತದೆ. ಜನರ ಬಾಯಲ್ಲಿ ಇದು 'ಮೊಬೈಲ್ ಸ್ಟಾರ್ಟರು'.

ಈ ಪೆಟ್ಟಿಗೆಯ ಬೆಲೆ ಗೊತ್ತಾಗುವುದು ಅದು ಕೆಟ್ಟಾಗಲೇ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ದಿನವಿಡೀ ಇರುವುದಿಲ್ಲ, ಸರದಿಯ ಮೇಲೆ ಬರುತ್ತದೆ. ರಾತ್ರಿಯ ಸರದಿ ಬಂದರೆ ಹಳೆಯ ಕಾಲದಂತೆ ಟಾರ್ಚು ಹಿಡಿದು, ಬದುವಿನ ಮೇಲೆ ಕೋಲು ಕುಟ್ಟುತ್ತ ಹೋಗಿ, ಕೈಯಿಂದ ಹಸಿರು ಗುಂಡಿ ಒತ್ತಬೇಕು. ಹಾವಿನ ಭಯವಿಲ್ಲದ ತೋಟ ಎಲ್ಲಿದೆ? ಕಾಡಿನಂಚಿನ ಊರುಗಳಲ್ಲಿ ಆನೆಯದೂ ಇದೆ.

ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ, ನಾಲೆಯ ನೀರಿಗಿಂತ ಬೋರ್‌ವೆಲ್ಲನ್ನೇ ಹೆಚ್ಚು ನಂಬಿದ ರೈತರೊಬ್ಬರಿಗೆ ಈ ಕಷ್ಟ ಬಂದದ್ದು ತೀರಾ ಕೆಟ್ಟ ಹೊತ್ತಿನಲ್ಲಿ. ಹುಳುಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಸಾಕಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಂದ ಗೂಡು ಕಟ್ಟುವವರೆಗಿನ ಏಳೆಂಟು ದಿನಗಳಲ್ಲಿ ಹುಳು ತನ್ನ ಆಯುಷ್ಯದ ಮೇವಿನ ಬಹುಪಾಲನ್ನು ತಿಂದು ಮುಗಿಸುತ್ತದೆ. ಸೊಪ್ಪು ಬಾಡುವಂತಿಲ್ಲ, ತೋಟಕ್ಕೆ ನೀರು ತಪ್ಪುವಂತಿಲ್ಲ. ಮೋಟರು ಮಾತ್ರ ಕರೆ ಮಾಡಿದಾಗ ಒಮ್ಮೆ ಓಡುತ್ತಿತ್ತು, ಇನ್ನೊಮ್ಮೆ 'ಟಕ್' ಎಂದು ಹಿಡಿದ ಮರುಕ್ಷಣವೇ ಬಿಟ್ಟುಬಿಡುತ್ತಿತ್ತು. ಮೂರು ರಾತ್ರಿ ಅವರು ಎದ್ದು ಹೋದರು. ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತ, ರಜೆಗೆಂದು ಊರಿಗೆ ಬಂದಿದ್ದ ಮಗಳು ಮೂರು ರಾತ್ರಿಯೂ ಬಾಗಿಲಲ್ಲಿ ನಿಂತು ಟಾರ್ಚಿನ ಬೆಳಕು ದೂರವಾಗುವುದನ್ನು ನೋಡಿದಳು.

ಸ್ಟಾರ್ಟರು ಮಾರಿದವರು ಕಾರ್ಡು ಪೂರಾ ಬದಲಿಸಬೇಕು, ಬರಲು ವಾರ ಹಿಡಿಯುತ್ತದೆ, ಕೆಲವು ಸಾವಿರ ಆಗುತ್ತದೆ ಎಂದರು. ಮಗಳು ಮೇನ್ ಸ್ವಿಚ್ಚು ಆಫ್ ಮಾಡಿಸಿ, ಫ್ಯೂಸ್ ಕ್ಯಾರಿಯರುಗಳನ್ನು ಕಳಚಿಸಿ ಜೇಬಿಗೆ ಹಾಕಿಕೊಂಡು, ಊರಿನ ವೈರ್‌ಮನ್ ಕೈಯಿಂದ ಕಾರ್ಡನ್ನು ಬಿಚ್ಚಿಸಿದಳು. ಪೆಟ್ಟಿಗೆಯ ಮೂಲೆಯಲ್ಲಿ ಒಡೆದ ಮಣ್ಣಿನ ಚೂರುಗಳಿದ್ದವು. "ಇದೇನಪ್ಪ?" ಎಂದು ಕೇಳಿದಾಗ ತಂದೆ ಹೇಳಿದರು: "ಕಡಜ ಗೂಡು ಕಟ್ಟಿತ್ತು ಕಣವ್ವ. ಹೋದ ವಾರ ಸ್ಕ್ರೂಡ್ರೈವರ್‌ನಾಗೆ ಕೆರೆದು ತೆಗುದ್ನಲ್ಲ." ಪೆಟ್ಟಿಗೆ ಕೆಟ್ಟದ್ದೂ ಹೋದ ವಾರವೇ.

ಅಪ್ಪ, ಮಗಳು ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆ.ಎಂ. ದೊಡ್ಡಿ ಮಾರ್ಗದ ಬಸ್ಸು ಹತ್ತಿ ಮದ್ದೂರಿಗೆ ಬಂದರು. ಅಲ್ಲೊಂದು ರಿಪೇರಿ ಅಂಗಡಿ. ಅದರ ಯಜಮಾನರು ರೇಡಿಯೊ ಕಾಲದಿಂದ ಕೈ ಪಳಗಿಸಿಕೊಂಡು ಬಂದವರು. ರೇಡಿಯೊ ಹೋಯಿತು, ಟೇಪ್ ರೆಕಾರ್ಡರು ಬಂದು ಹೋಯಿತು, ದಪ್ಪ ಬೆನ್ನಿನ ಟೀವಿ ಹೋಯಿತು, ಅಂಗಡಿ ಉಳಿಯಿತು. ಈಗ ಯುಪಿಎಸ್ಸು, ಎಲ್ಇಡಿ ಬಲ್ಬು, ಸ್ಟಾರ್ಟರ್ ಕಾರ್ಡು ಅವರ ಮೇಜಿನ ಮೇಲೆ ಬರುತ್ತವೆ. ಅವರಿಗಿರುವ ಒಂದೇ ಕೊರತೆ ಕಣ್ಣಿನದು. "ಮೊದ್ಲಿನ ಸಾಮಾನಿಗೆ ಕಾಲಿದ್ವು, ಮೈಮೇಲೆ ಬಣ್ಣ ಇತ್ತು. ಈಗಿನವು ಸೀನುದ್ರೆ ಹಾರೋಯ್ತವೆ" ಎಂಬುದು ಅವರ ದೂರು.

ದೂರು ಸುಳ್ಳಲ್ಲ. ಹಳೆಯ ರೆಸಿಸ್ಟರಿನ ಮೈಮೇಲೆ ಬಣ್ಣದ ಪಟ್ಟಿಗಳಿರುತ್ತಿದ್ದವು. ಕಪ್ಪು ಎಂದರೆ ಸೊನ್ನೆ, ಕಂದು ಎಂದರೆ ಒಂದು, ಕೆಂಪು ಎಂದರೆ ಎರಡು, ಕಿತ್ತಳೆ ಎಂದರೆ ಮೂರು. ಕಂದು, ಕಪ್ಪು, ಕಿತ್ತಳೆ ಸಾಲಾಗಿದ್ದರೆ ಹತ್ತು ಸಾವಿರ ಓಮ್. ಕಾಲುಗಳನ್ನು ಬೋರ್ಡಿನ ತೂತಿನೊಳಗೆ ತೂರಿಸಿ ಹಿಂಬದಿಯಲ್ಲಿ ಬೆಸುಗೆ ಹಾಕುತ್ತಿದ್ದರು. ಈಗಿನ ಬಗೆಯಲ್ಲಿ ತೂತೂ ಇಲ್ಲ, ಕಾಲೂ ಇಲ್ಲ. ಬೋರ್ಡಿನ ಮೇಲ್ಮೈಯಲ್ಲೇ ಎರಡು ಪುಟ್ಟ ತಾಮ್ರದ ಹಾಸುಗಳಿರುತ್ತವೆ. ಬಿಡಿಭಾಗವನ್ನು ಅವುಗಳ ಮೇಲೆ ಅಡ್ಡಲಾಗಿ ಮಲಗಿಸಿ ಎರಡು ತುದಿಗಳನ್ನೂ ಬೆಸೆಯುತ್ತಾರೆ. ಅಂಗಡಿಯವರು ಕರೆಯುವ ಹೆಸರು ಎಸ್‌ಎಂಡಿ. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಕಂಪನಿ ಈ ಬಗೆಯ ಜೋಡಣೆಯನ್ನು ಸ್ಯಾಟರ್ನ್ ರಾಕೆಟ್ಟಿಗೆ ದಾರಿ ತೋರುವ ಕಂಪ್ಯೂಟರಿನಲ್ಲಿ ಬಳಸಿತು. 1980ರ ದಶಕದಿಂದೀಚೆಗೆ ಅದು ಮನೆಮನೆಯ ಸಾಮಾನಿಗೂ ಬಂತು. ಅಳತೆಗೆ ತಕ್ಕಂತೆ ಇವಕ್ಕೆ ಅಂಕಿಯ ಹೆಸರುಗಳು. 0805 ಎಂದರೆ ಉದ್ದ 2 ಮಿಲಿಮೀಟರ್, ಅಗಲ 1.25 ಮಿಲಿಮೀಟರ್. 0603 ಎಂದರೆ 1.6 ಮತ್ತು 0.8. 0402 ಎಂದರೆ 1 ಮತ್ತು 0.5, ಅದು ರಾಗಿಕಾಳಿಗಿಂತಲೂ ಚಿಕ್ಕದು.

ಮಳವಳ್ಳಿ ತಾಲ್ಲೂಕಿಗೆ ಕರೆಂಟಿನ ಪರಿಚಯ ಹೊಸದೇನಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ತು ಹರಿದು ಹೋದದ್ದು ಇದೇ ತಾಲ್ಲೂಕಿನ ಶಿವನಸಮುದ್ರದಿಂದ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಇಲ್ಲಿನ ಕರೆಂಟಿನಿಂದಲೇ. ಆ ಯಂತ್ರಗಳ ಒಂದು ಬೋಲ್ಟು ಬಿಚ್ಚಲೂ ಆಳು ಬೇಕು. ಬಿಚ್ಚಿದ್ದು ಕಾಣೆಯಾದರೆ ದೂರದಿಂದಲೇ ಗೊತ್ತಾಗುತ್ತದೆ. ನೂರಿಪ್ಪತ್ತು ವರ್ಷಗಳಲ್ಲಿ ಕರೆಂಟಿನ ಕೆಲಸ ರಾಗಿಕಾಳಿನವರೆಗೆ ಇಳಿದಿದೆ. ಕಾಳೊಂದು ಬಿದ್ದುಹೋದರೆ ಬಿದ್ದದ್ದೇ ತಿಳಿಯುವುದಿಲ್ಲ. ಬಿದ್ದ ಜಾಗ ಸಿಕ್ಕಿದರೂ ಅಲ್ಲಿ ಇದ್ದದ್ದೇನು ಎಂದು ಹೇಳುವವರಿಲ್ಲ. ನಕ್ಷೆಯನ್ನು ಕಂಪನಿ ಕೊಡುವುದಿಲ್ಲ. ಇಲ್ಲದ ವಸ್ತುವಿನ ಮೈಮೇಲಿನ ಅಂಕಿ ಓದುವುದು ಹೇಗೆ?

ಅಂಗಡಿಯ ಯಜಮಾನರು ಮೊದಲು ಮಾಡಿದ್ದು ರೋಗವನ್ನು ಕಣ್ಣಾರೆ ನೋಡುವ ಕೆಲಸ. ಫೇಸ್ ಪರೀಕ್ಷೆಯನ್ನು ಬಿಡುವ ಸ್ವಿಚ್ಚು ಹಾಕಿ, ಗುಜರಿಯಿಂದ ತಂದಿಟ್ಟಿದ್ದ ಒಂದು ಹಳೆಯ ಕಾಂಟ್ಯಾಕ್ಟರನ್ನು ಕಾರ್ಡಿಗೆ ಜೋಡಿಸಿ, "ಕರೆ ಮಾಡಿ ಗೌಡ್ರೆ" ಎಂದರು. ಹತ್ತು ಕರೆ ಮಾಡಿದರು. ಆರು ಸಲ ಕಾಂಟ್ಯಾಕ್ಟರು ಹಿಡಿದ ಕೂಡಲೇ ಕಾರ್ಡಿನ ದೀಪಗಳೆಲ್ಲ ಒಮ್ಮೆ ಆರಿ, ಮೊದಲಿನಿಂದ ಹತ್ತಿಕೊಂಡವು. ಅಂದರೆ ಕಾರ್ಡು ಸತ್ತಿಲ್ಲ. ಕಾಂಟ್ಯಾಕ್ಟರಿನ ಏಟಿಗೆ ಬೆಚ್ಚಿಬಿದ್ದು, ಹೊಸದಾಗಿ ಕಣ್ಣು ಬಿಡುತ್ತಿದೆ. ಕೈ ಹಾಕುವ ಮೊದಲೇ ಹತ್ತರಲ್ಲಿ ಆರು ಎಂಬ ಲೆಕ್ಕವನ್ನು ಹುಡುಗಿ ಒಂದು ಹಳೆಯ ಬಿಲ್ಲಿನ ಹಿಂದೆ ಬರೆದುಕೊಂಡಳು. ರಿಪೇರಿ ಆಯಿತೋ ಇಲ್ಲವೋ ಎಂದು ಆಮೇಲೆ ಹೇಳಬೇಕಾದದ್ದು ಈ ಲೆಕ್ಕವೇ.

ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಕಾರ್ಡನ್ನು ಭೂತಗನ್ನಡಿಯ ಕೆಳಗಿಟ್ಟರು. ಕಣ್ಣು ಹುಡುಗಿಯದು, ಪ್ರಶ್ನೆ ಅವರದು.

"ಖಾಲಿ ಜಾಗ ಎಷ್ಟವೆ ಎಣ್ಸವ್ವ."

"ಮೂರಿವೆ ಅಂಕಲ್. ಒಂದರ ಪಕ್ಕ ಸಿ 9 ಅಂತ ಬರೆದಿದೆ. ಇನ್ನೊಂದು ಆರ್ 22, ಮತ್ತೊಂದು ಆರ್ 14."

"ಮೂರೂ ಬಿದ್ದೋಗವಾ?"

ಈ ಪ್ರಶ್ನೆಯಲ್ಲೇ ಅರ್ಧ ವಿದ್ಯೆ ಇದೆ. ಬೋರ್ಡಿನ ಮೇಲೆ ಖಾಲಿ ಕಂಡದ್ದೆಲ್ಲ ಕಳೆದುಹೋದದ್ದಲ್ಲ. ಕಾರ್ಡು ತಯಾರಿಸುವವರು ಒಂದೇ ಬೋರ್ಡನ್ನು ಎರಡು ಮೂರು ಬಗೆಯ ಸ್ಟಾರ್ಟರುಗಳಿಗೆ ಬಳಸುತ್ತಾರೆ. ಒಂದರಲ್ಲಿ ಬೇಕಾದದ್ದು ಇನ್ನೊಂದರಲ್ಲಿ ಬೇಡ. ಪರೀಕ್ಷೆಯ ಕಾಲಕ್ಕೆಂದು ಬಿಟ್ಟ ಜಾಗಗಳೂ ಇರುತ್ತವೆ. ಖಾಲಿ ಕಂಡಲ್ಲೆಲ್ಲ ಏನಾದರೊಂದು ತುಂಬಿದರೆ ಸರಿಯಿದ್ದ ಕಾರ್ಡೂ ಕೆಟ್ಟೀತು.

ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಹುಡುಗಿ ಭೂತಗನ್ನಡಿಯಲ್ಲಿ ನಿಧಾನವಾಗಿ ನೋಡಿ ಹೇಳಿದಳು. ಸಿ 9 ಮತ್ತು ಆರ್ 22ರ ಹಾಸುಗಳ ಮೇಲಿನ ಸೀಸ ನುಣುಪಾಗಿ, ಹೊಳಪಾಗಿತ್ತು. ಯಾರೂ ಮುಟ್ಟಿದ ಗುರುತಿಲ್ಲ. ಎರಡರ ನಡುವಿನ ಜಾಗದಲ್ಲೂ ಬೋರ್ಡಿನ ಉಳಿದ ಭಾಗದಂತೆಯೇ ಧೂಳು ಕೂತಿತ್ತು. ಆರ್ 14ರ ಒಂದು ಹಾಸಿನ ಮೇಲೆ ಸೀಸ ಹರಿದು ಒರಟಾಗಿತ್ತು, ಇನ್ನೊಂದರ ಮೇಲೆ ಲೋಹದ ಒಂದು ಸಣ್ಣ ಚೂರು ಅಂಟಿಕೊಂಡಿತ್ತು. ನಡುವೆ ಧೂಳಿಲ್ಲದ, ಸ್ವಚ್ಛ ಹಸಿರಿನ ಒಂದು ಪುಟ್ಟ ಆಯತ. ಗೋಡೆಯ ಮೇಲಿನ ಪಟ ತೆಗೆದ ಜಾಗ ಹೇಗೆ ಕಾಣುತ್ತದೆಯೋ ಹಾಗೆ. ಅಲ್ಲಿ ಇತ್ತೀಚಿನವರೆಗೂ ಏನೋ ಮಲಗಿತ್ತು.

ಇನ್ನು ಅದು ಏನು ಎಂಬುದು. ಬೋರ್ಡಿನ ಮೇಲೆ ಅಚ್ಚಾದ ಅಕ್ಷರ ಮೊದಲ ಸುಳಿವು ಕೊಡುತ್ತದೆ. ಆರ್ ಎಂದರೆ ರೆಸಿಸ್ಟರ್, ಸಿ ಎಂದರೆ ಕೆಪಾಸಿಟರ್, ಎಲ್ ಎಂದರೆ ಸುರುಳಿ, ಡಿ ಎಂದರೆ ಡಯೋಡು, ಕ್ಯೂ ಎಂದರೆ ಟ್ರಾನ್ಸಿಸ್ಟರ್, ಯು ಎಂದರೆ ಚಿಪ್ಪು, ಎಫ್ ಎಂದರೆ ಬಹುಮಟ್ಟಿಗೆ ಫ್ಯೂಸು. ಹಾಗಾಗಿ ಬಿದ್ದದ್ದು ರೆಸಿಸ್ಟರ್. ಹಾಸುಗಳ ಅಂತರವನ್ನು ಪಕ್ಕದ ರೆಸಿಸ್ಟರುಗಳ ಜೊತೆ ಹೋಲಿಸಿದರೆ ಅಳತೆಯೂ ಗೊತ್ತಾಯಿತು: 0603. ಉಳಿದದ್ದು ಎಷ್ಟು ಓಮಿನದು ಎಂಬ ಪ್ರಶ್ನೆ ಮಾತ್ರ. ಅದೇ ಕಷ್ಟದ್ದು.

ರೆಸಿಸ್ಟರ್ ಇದ್ದಿದ್ದರೆ ಅದರ ಬೆನ್ನ ಮೇಲಿನ ಅಂಕಿಯೇ ಹೇಳುತ್ತಿತ್ತು. 103 ಎಂದಿದ್ದರೆ 10ರ ಮುಂದೆ ಮೂರು ಸೊನ್ನೆ, ಹತ್ತು ಸಾವಿರ ಓಮ್. 472 ಎಂದಿದ್ದರೆ 47ರ ಮುಂದೆ ಎರಡು ಸೊನ್ನೆ, ನಾಲ್ಕು ಸಾವಿರದ ಏಳುನೂರು. 000 ಎಂದಿದ್ದರೆ ಅದು ರೆಸಿಸ್ಟರೇ ಅಲ್ಲ, ದಾಟಲು ಹಾಕಿದ ಸಂಕ. ಆದರೆ ಆ ಅಂಕಿ ಈಗ ಕಡಜದ ಗೂಡಿನ ಮಣ್ಣಿನ ಜೊತೆ ಪಂಪಿನ ಮನೆಯ ಬಾಗಿಲಾಚೆ ಎಲ್ಲೋ ಬಿದ್ದಿದೆ.

ತಂದೆಗೆ ಇಷ್ಟು ಹೊತ್ತಿಗೆ ತಾಳ್ಮೆ ತಪ್ಪುತ್ತಿತ್ತು. ಅವರ ಮನಸ್ಸು ಹುಳುಮನೆಯಲ್ಲಿತ್ತು. "ಅಷ್ಟೇ ಜಾಗ ತಾನೆ? ಒಂದು ಚೂರು ತಂತಿ ಇಟ್ಟು ಅಂಟ್ಸಿಬುಟ್ರೆ ಆಗಾಕಿಲ್ವಾ?" ಎಂದರು.

ಯಜಮಾನರು ಗದರಲಿಲ್ಲ. "ಆಗಬೋದು ಗೌಡ್ರೆ. ಆದ್ರೆ ಅಲ್ಲಿದ್ದದ್ದು ಏನು ಮಾಡ್ತಿತ್ತು ಅಂತ ತಿಳೀದೆ ಹೆಂಗೆ ಹೇಳಾನ? ಅದ್ರ ಎರಡು ತುದಿ ಯಾವ್ಯಾವ ಮನೇಗೆ ಹೋಗ್ತವೆ ನೋಡಾನ ತಡೀರಿ" ಎಂದು ಮೀಟರಿನ ಎರಡು ಮುಳ್ಳುಗಳನ್ನು ಹುಡುಗಿಯ ಕೈಗೆ ಕೊಟ್ಟರು. ತಂತಿ ಕೂಡಿದ್ದಲ್ಲಿ ಸದ್ದು ಮಾಡುವಂತೆ ಮೀಟರನ್ನು ಇಟ್ಟರು. ಒಂದು ಮುಳ್ಳು ಆರ್ 14ರ ಮೊದಲ ಹಾಸಿನ ಮೇಲೆ. ಇನ್ನೊಂದು ಕಾರ್ಡಿನ ಮೇಲೆಲ್ಲ ಓಡಾಡಿತು. 5 ವೋಲ್ಟ್ ಕೊಡುವ ರೆಗ್ಯುಲೇಟರಿನ ಕಾಲು ಮುಟ್ಟಿದಾಗ 'ಕುಂಯ್' ಎಂದಿತು. ಎರಡನೆಯ ಹಾಸಿನಿಂದ ಹೊರಟ ದಾರಿ ದೊಡ್ಡ ಚಿಪ್ಪಿನ ಒಂದನೆಯ ಕಾಲಿಗೆ ಹೋಯಿತು. ಅಲ್ಲಿಂದ ಮೂಲೆಯಲ್ಲಿದ್ದ ಒಂದು ಪುಟ್ಟ ಒತ್ತುಗುಂಡಿಗೂ ಹೋಯಿತು. ಗುಂಡಿಯ ಇನ್ನೊಂದು ಕಡೆ ನೆಲದ ತಂತಿಗೆ ಸೇರಿತ್ತು.

ಹುಡುಗಿ ಹತ್ತಿಯಲ್ಲಿ ಸ್ಪಿರಿಟ್ಟು ಅದ್ದಿ ಚಿಪ್ಪಿನ ಬೆನ್ನು ಒರೆಸಿದಳು. ಹೆಸರು ಕಂಡಿತು. ಆ ಚಿಪ್ಪಿನ ಮಾಹಿತಿ ಹಾಳೆಯನ್ನು ಮೊಬೈಲಿನಲ್ಲಿ ತೆರೆದು ಒಂದನೆಯ ಕಾಲಿನ ಕೆಲಸ ಓದಿದಳು: ರೀಸೆಟ್. ಅವಳ ಮುಖ ಅರಳಿತು. ಹತ್ತರಲ್ಲಿ ಆರು ಸಲ ಬೆಚ್ಚಿಬೀಳುವುದಕ್ಕೆ ಕಾರಣ ಅಲ್ಲೇ ಇತ್ತು.

ಈ ಚಿಪ್ಪೇ ಕಾರ್ಡಿನ ತಲೆ. ಅದರ ರೀಸೆಟ್ ಕಾಲನ್ನು ಸದಾ 5 ವೋಲ್ಟಿನಲ್ಲಿ ಎತ್ತಿ ಹಿಡಿದಿರಬೇಕು. ಅದು ಸೊನ್ನೆಗೆ ಇಳಿದರೆ ಚಿಪ್ಪು ತಾನು ಮಾಡುತ್ತಿದ್ದುದನ್ನೆಲ್ಲ ಬಿಟ್ಟು ಮೊದಲಿನಿಂದ ಶುರುಮಾಡುತ್ತದೆ. ಎತ್ತಿ ಹಿಡಿಯುವ ಕೆಲಸ ಆರ್ 14ರದು. ಅದು ಬಿದ್ದುಹೋದ ಮೇಲೆ ಆ ಕಾಲು ಕಟ್ಟು ಬಿಚ್ಚಿದ ಕರುವಿನಂತಾಯಿತು. ಕೆಲವು ಚಿಪ್ಪುಗಳ ಒಳಗೇ ದುರ್ಬಲವಾದ ಒಂದು ರೆಸಿಸ್ಟರ್ ಇರುತ್ತದೆ. ಗಲಾಟೆಯಿಲ್ಲದ ಹೊತ್ತಿನಲ್ಲಿ ಅಷ್ಟೇ ಸಾಕಾಗುತ್ತದೆ. ಕಾಂಟ್ಯಾಕ್ಟರು ಹಿಡಿಯುವಾಗ ಏಳುವ ವಿದ್ಯುತ್ತಿನ ತರಂಗಕ್ಕೆ ಅದು ಸಾಲದು. ಆದ್ದರಿಂದಲೇ ಮೋಟರು ಒಮ್ಮೆ ಓಡಿ ಇನ್ನೊಮ್ಮೆ ನಿಲ್ಲುತ್ತಿದ್ದುದು.

ಅಲ್ಲಿ ಬರೀ ತಂತಿ ಏಕೆ ಸಲ್ಲದು ಎಂಬುದೂ ಈಗ ತಿಳಿಯಿತು. ತಂತಿಯೂ ಕಾಲನ್ನು ಎತ್ತಿ ಹಿಡಿಯುತ್ತದೆ, ನಿಜ. ಆದರೆ ಯಾರಾದರೂ ಆ ಒತ್ತುಗುಂಡಿಯನ್ನು ಒತ್ತಿದರೆ 5 ವೋಲ್ಟು ನೇರವಾಗಿ ನೆಲಕ್ಕೆ ಸೇರಿ ಶಾರ್ಟ್ ಆಗುತ್ತದೆ. ನಡುವೆ ಹತ್ತು ಸಾವಿರ ಓಮಿನ ರೆಸಿಸ್ಟರ್ ಇದ್ದರೆ, ಗುಂಡಿ ಒತ್ತಿದಾಗಲೂ ಹರಿಯುವುದು 5 ಭಾಗಿಸು 10,000. ಅಂದರೆ ಅರ್ಧ ಮಿಲಿಆಂಪಿಯರ್. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಕಂಠಪಾಠ ಮಾಡಿದ ಓಮನ ನಿಯಮವನ್ನು ಹುಡುಗಿ ಅಪ್ಪನಿಗೆ ಬಿಲ್ಲಿನ ಹಿಂದೆ ಬರೆದು ತೋರಿಸಿದಳು. ಅಪ್ಪ ತಲೆದೂಗಿದರು. ಎಷ್ಟು ಅರ್ಥವಾಯಿತೋ, ತಂತಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಮಾಹಿತಿ ಹಾಳೆಯ ಮಾದರಿ ನಕ್ಷೆಯಲ್ಲಿ ಆ ಕಾಲಿಗೆ ಹತ್ತು ಸಾವಿರ ಓಮನ್ನೇ ತೋರಿಸಿತ್ತು. ಇಂಥ ಜಾಗದಲ್ಲಿ 4,700 ಆದರೂ ನಡೆಯುತ್ತದೆ, ಹತ್ತು ಸಾವಿರವಾದರೂ ನಡೆಯುತ್ತದೆ. ಕೆಲಸ ತಿಳಿದರೆ ಬೆಲೆ ಎಷ್ಟು ಬಿಗಿಯಾಗಿರಬೇಕು, ಎಷ್ಟು ಸಡಿಲವಾಗಿರಬಹುದು ಎಂಬುದೂ ತಿಳಿಯುತ್ತದೆ.

ಎಲ್ಲ ಜಾಗವೂ ಇಷ್ಟು ಉದಾರವಲ್ಲ. ಅದೇ ಕಾರ್ಡಿನಲ್ಲಿ ಮೋಟರಿನ ಕರೆಂಟನ್ನು ಅಳೆದು, ಬಾವಿ ಬತ್ತಿದೆಯೆ ಎಂದು ತೀರ್ಮಾನಿಸುವ ರೆಸಿಸ್ಟರುಗಳೂ ಇವೆ. ಅವುಗಳಲ್ಲೊಂದು ಬಿದ್ದಿದ್ದರೆ ಅಂದಾಜು ಸಾಲದು. ಅಂದಾಜಿನ ರೆಸಿಸ್ಟರ್ ಹಾಕಿದರೆ ಕಾರ್ಡು ಓಡುತ್ತದೆ, ತಪ್ಪು ಲೆಕ್ಕ ಹೇಳುತ್ತ ಓಡುತ್ತದೆ. ಒಂದು ದಿನ ಮೋಟರು ಸುಡುತ್ತದೆ. ಆಗ ಉಳಿಯುವ ದಾರಿ ಒಂದೇ: ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಕಾರ್ಡನ್ನು ಹುಡುಕಿ ಅದರ ಬೆನ್ನಿನ ಅಂಕಿ ಓದುವುದು. ಹಳ್ಳಿಯಲ್ಲಿ ಇದು ಅಷ್ಟು ಕಷ್ಟವಲ್ಲ. ಒಬ್ಬರು ಕೊಂಡದ್ದನ್ನೇ ಪಕ್ಕದ ತೋಟದವರೂ ಕೊಂಡಿರುತ್ತಾರೆ.

ಕೆಪಾಸಿಟರ್ ಬಿದ್ದಿದ್ದರೆ ಕತೆ ಇನ್ನೂ ಬೇರೆ. ಕಂದು ಬಣ್ಣದ ಪುಟ್ಟ ಸೆರಾಮಿಕ್ ಕೆಪಾಸಿಟರುಗಳ ಮೈಮೇಲೆ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ಜೋಡಿ ಕಾರ್ಡು ಸಿಕ್ಕರೂ ಓದಲು ಅಂಕಿಯಿಲ್ಲ. ಬೆಸುಗೆ ಬಿಡಿಸಿ ತೆಗೆದು ಮೀಟರಿನಲ್ಲೇ ಅಳೆಯಬೇಕು. ಅಲ್ಲೂ ಎರಡು ತುದಿಗಳೇ ದಾರಿ ತೋರಿಸುತ್ತವೆ. ಚಿಪ್ಪಿನ ಪಕ್ಕದಲ್ಲೇ ಕೂತು, ಒಂದು ತುದಿ 5 ವೋಲ್ಟಿಗೂ ಇನ್ನೊಂದು ನೆಲಕ್ಕೂ ಸೇರಿದ್ದರೆ ಅದು ಬಹುಮಟ್ಟಿಗೆ 0.1 ಮೈಕ್ರೊಫ್ಯಾರಡಿನದು; ಚಿಪ್ಪಿಗೆ ಬಾಯಾರಿದಾಗ ಗುಟುಕು ನೀರು ಕೊಡುವ ಚೊಂಬು. ಹರಳಿನ ಎರಡು ಬದಿಗೆ ಇದ್ದರೆ ಕೆಲವೇ ಪಿಕೊಫ್ಯಾರಡ್. ದಿಕ್ಕು ಇರುವವೂ ಉಂಟು, ಅಲ್ಲಿ ಒಂದು ಮೋಸ ಕಾದಿರುತ್ತದೆ. ಟ್ಯಾಂಟಲಮ್ ಕೆಪಾಸಿಟರಿನ ಪಟ್ಟಿ ಧನ ತುದಿಯನ್ನು ತೋರಿಸಿದರೆ, ಅಲ್ಯೂಮಿನಿಯಮ್ ಡಬ್ಬಿಯ ಪಟ್ಟಿ ಋಣ ತುದಿಯನ್ನು ತೋರಿಸುತ್ತದೆ. ಬಿದ್ದದ್ದು ಫ್ಯೂಸ್ ಆಗಿದ್ದರೆ ಅಲ್ಲಿಗೆ ತಂತಿ ಹಾಕುವ ಯೋಚನೆಯೇ ಸಲ್ಲದು. ಅದು ಸುಟ್ಟು ಬೇರೆಯದನ್ನು ಉಳಿಸಲೆಂದೇ ಇರುವುದು.

ಅಂಗಡಿಯ ಮೂಲೆಯಲ್ಲಿ ಸತ್ತ ಬೋರ್ಡುಗಳ ಒಂದು ಡಬ್ಬಿ ಇತ್ತು. ಹುಡುಗಿ ಅದರಲ್ಲಿ 103 ಎಂದು ಬರೆದಿದ್ದ, ಅದೇ ಅಳತೆಯ ಒಂದು ರೆಸಿಸ್ಟರನ್ನು ಹುಡುಕಿದಳು. ಬಿಡಿಸಿ ಅಳೆದಾಗ ಮೀಟರು 9.97 ಕಿಲೊಓಮ್ ತೋರಿಸಿತು. ಆಮೇಲೆ ಬೆಸುಗೆ. ಯಜಮಾನರು ಹೇಳುತ್ತ ಹೋದರು, ಅವಳು ಮಾಡುತ್ತ ಹೋದಳು. ಮೊದಲು ಹರಿದ ಸೀಸವನ್ನು ಹೀರಿ ತೆಗೆದು ಹಾಸುಗಳನ್ನು ಸ್ವಚ್ಛ ಮಾಡುವುದು. ಫ್ಲಕ್ಸ್ ಸವರುವುದು. ಒಂದೇ ಒಂದು ಹಾಸಿನ ಮೇಲೆ ಚೂರು ಸೀಸ ಇಡುವುದು. ಚಿಮಟದಲ್ಲಿ ರೆಸಿಸ್ಟರನ್ನು ಹಿಡಿದು, ಆ ಸೀಸ ಕರಗಿದಾಗ ಪಕ್ಕದಿಂದ ಜಾರಿಸಿ ತರುವುದು. ಐರನ್ ತೆಗೆದು, ಸೀಸ ಗಟ್ಟಿಯಾಗುವವರೆಗೆ ಉಸಿರು ಹಿಡಿದು ನಿಲ್ಲುವುದು. ಆಮೇಲೆ ಇನ್ನೊಂದು ತುದಿ. ಎರಡೂ ತುದಿಯನ್ನು ಒಟ್ಟಿಗೆ ಅವಸರದಲ್ಲಿ ಮಾಡಹೊರಟರೆ ರೆಸಿಸ್ಟರ್ ಒಂದು ಕಾಲ ಮೇಲೆ ವೀರಗಲ್ಲಿನಂತೆ ಎದ್ದು ನಿಲ್ಲುತ್ತದೆ. ಅವಳದೂ ಮೊದಲ ಸಲ ಹಾಗೇ ನಿಂತಿತು. ಎರಡನೆಯ ಸಲ ಚಿಮಟದಿಂದ ಚಿಮ್ಮಿ ಮೇಜಿನ ಕೆಳಗೆ ಹೋಯಿತು. ಡಬ್ಬಿಯಿಂದ ಇನ್ನೊಂದು 103 ತೆಗೆದು, ಅದನ್ನೂ ಅಳೆದುಕೊಂಡರು. ಮೂರನೆಯ ಸಲ ಕೂತಿತು.

ಬಿಸಿಯ ವಿಚಾರದಲ್ಲೂ ಒಂದು ಎಚ್ಚರ ಬೇಕು. ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಯೂರೋಪಿನ ದೇಶಗಳು 2006ರ ಜುಲೈಯಿಂದ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಹೆಚ್ಚು ಕಾರ್ಖಾನೆಗಳು ಸೀಸವಿಲ್ಲದ ಬೆಸುಗೆಗೆ ಹೋದವು; ಅದಕ್ಕೆ ಸುಮಾರು 217 ಡಿಗ್ರಿ ಬೇಕು. ಕರಗುವುದಿಲ್ಲವೆಂದು ಐರನ್ನನ್ನು ಒತ್ತಿ ತಿಕ್ಕಿದರೆ ತಾಮ್ರದ ಹಾಸೇ ಬೋರ್ಡಿನಿಂದ ಎದ್ದುಬರುತ್ತದೆ. ಅಲ್ಲಿಗೆ ಸಣ್ಣ ರಿಪೇರಿ ದೊಡ್ಡದಾಯಿತು. ಬೆಸುಗೆಯ ಹೊಗೆಯನ್ನು ಮೂಗಿಗೆ ಎಳೆದುಕೊಳ್ಳಬಾರದು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿಗೆ ಹಾಕಬಾರದು. ಮದ್ದೂರು ವಡೆ ಮೇಜಿನ ಪಕ್ಕದಲ್ಲೇ ಇಟ್ಟಿದ್ದರೂ ಯಜಮಾನರು ಹುಡುಗಿಯನ್ನು ಮೊದಲು ಸೋಪಿನ ಕಡೆ ಕಳಿಸಿದರು.

ಕಾರ್ಡಿಗೆ ಮೊದಲು ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟರು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಕಾರ್ಡು ಉಳಿಯುತ್ತದೆ. ಬಲ್ಬು ಉರಿಯಲಿಲ್ಲ. ಆಮೇಲೆ ನೇರ ಕರೆಂಟು, ಅದೇ ಕಾಂಟ್ಯಾಕ್ಟರು, ಅದೇ ಫೋನು. ಹುಡುಗಿ ಹತ್ತು ಕರೆಗೆ ನಿಲ್ಲಿಸಲಿಲ್ಲ, ಇಪ್ಪತ್ತು ಮಾಡಿಸಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಕಾಂಟ್ಯಾಕ್ಟರು ಹಿಡಿದು ನಿಂತಿತು. ಬಿಲ್ಲಿನ ಹಿಂದೆ ಹತ್ತರಲ್ಲಿ ಆರು ಎಂಬುದರ ಕೆಳಗೆ ಇಪ್ಪತ್ತರಲ್ಲಿ ಸೊನ್ನೆ ಎಂದು ಬರೆದಳು.

"ಎಷ್ಟಾಯ್ತು ಅಣ್ಣ?" ಎಂದು ತಂದೆ ಜೇಬಿಗೆ ಕೈ ಹಾಕಿದರು. ಯಜಮಾನರು ಮೇಜಿನ ಬಾಡಿಗೆಯೆಂದು ಐವತ್ತು ರೂಪಾಯಿ ತೆಗೆದುಕೊಂಡು, ಸತ್ತ ಬೋರ್ಡುಗಳಲ್ಲಿ ನಾಲ್ಕನ್ನು ಆರಿಸಿ ಹುಡುಗಿಯ ಚೀಲಕ್ಕೆ ಹಾಕಿದರು. "ಇವನ್ನ ಬಿಚ್ಚು, ಮತ್ತೆ ಹಾಕು. ಕೆಟ್ರೂ ಕೇಳೋರಿಲ್ಲ" ಎಂದರು.

ಈ ನಾಲ್ಕು ಬೋರ್ಡುಗಳ ಮಾತನ್ನು ತಂದೆತಾಯಿಯರು ಸ್ವಲ್ಪ ಯೋಚಿಸಬೇಕು. ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1962ರಲ್ಲಿ. ಕಬ್ಬು, ಭತ್ತ ಬೆಳೆಯುವ ಮನೆಗಳ ಮಕ್ಕಳು ಎಂಜಿನಿಯರಾಗುವುದಕ್ಕೆ ಈ ಜಿಲ್ಲೆ ಅರವತ್ತು ವರ್ಷಗಳಿಂದಲೂ ಹೊಲದ ದುಡ್ಡು ಸುರಿದಿದೆ. ಶುಲ್ಕಕ್ಕೆ, ಪುಸ್ತಕಕ್ಕೆ, ಟ್ಯೂಷನ್ನಿಗೆ ಸಾಲ ಮಾಡುವ ಮನೆಯಲ್ಲಿ ಕೆಲವು ನೂರು ರೂಪಾಯಿಯ ಮೀಟರು, ಒಂದು ಐರನ್ನು, ಒಂದು ಭೂತಗನ್ನಡಿ ಮಾತ್ರ ಮಕ್ಕಳಾಟವೆನಿಸುತ್ತದೆ. ಹುಡುಗ ಹಳೆಯ ರಿಮೋಟು ಬಿಚ್ಚಿದರೆ ಬೈಗುಳ. ಕೆಡಿಸಲು ಅನುಮತಿಯಿಲ್ಲದ ಮನೆಯಲ್ಲಿ ಸರಿಮಾಡಲು ಕಲಿಯುವುದು ಹೇಗೆ?

ಹಾಗೆಂದು ಸಿಕ್ಕಿದ್ದನ್ನೆಲ್ಲ ಬಿಚ್ಚಬಾರದು. ಮೂರು ಫೇಸಿನ ಪೆಟ್ಟಿಗೆಯಲ್ಲಿ ಎರಡು ಫೇಸುಗಳ ನಡುವೆ 415 ವೋಲ್ಟ್ ಇರುತ್ತದೆ. ಅದಕ್ಕೆ ವಿದ್ಯಾರ್ಥಿ, ಮೇಷ್ಟ್ರು ಎಂಬ ಭೇದವಿಲ್ಲ. ಪೆಟ್ಟಿಗೆಯಿಂದ ಕಾರ್ಡು ಬಿಚ್ಚುವುದು ಬಲ್ಲವರ ಕೆಲಸ. 230 ವೋಲ್ಟಿನಲ್ಲಿ ಓಡುವ ಪವರ್ ಸಪ್ಲೈಗಳಲ್ಲಿ ದೊಡ್ಡ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ 325 ವೋಲ್ಟಿನಷ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಕಲಿಯುವವರು ಬ್ಯಾಟರಿಯಲ್ಲಿ ಓಡುವ ಸಾಮಾನುಗಳಿಂದ, ಸತ್ತ ಬೋರ್ಡುಗಳಿಂದ ಶುರುಮಾಡುವುದು ಕ್ಷೇಮ.

ರಿಪೇರಿಗೆ ಈಗ ಸರ್ಕಾರದ ಮಟ್ಟದಲ್ಲೂ ಒಂದು ಹೆಸರು ಬಂದಿದೆ. ಕೊಂಡವನಿಗೆ ದುರಸ್ತಿ ಮಾಡಿಸಿಕೊಳ್ಳುವ ಹಕ್ಕಿರಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಒಂದು ಸಮಿತಿ ಮಾಡಿತು. ನಕ್ಷೆ ಸಿಗಬೇಕು, ಬಿಡಿಭಾಗ ಸಿಗಬೇಕು ಎಂಬುದು ನ್ಯಾಯವಾದ ಬೇಡಿಕೆ. ಆದರೆ ನಕ್ಷೆ ಸಿಕ್ಕ ಮೇಲೂ ಅದನ್ನು ಓದುವವರು ಬೇಕು. ಮದ್ದೂರಿನ ಆ ಮೇಜಿನ ಮೇಲೆ ನಡೆದದ್ದು ಇಷ್ಟೆ: ಬಿದ್ದುಹೋದದ್ದರ ಹೆಸರನ್ನು ಊಹಿಸುವ ಬದಲು, ಅದು ಅಲ್ಲಿ ಯಾರನ್ನು ಯಾರಿಗೆ ಸೇರಿಸುತ್ತಿತ್ತು, ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಿದರು. ಕೆಲಸ ತಿಳಿದ ಮೇಲೆ ಹೆಸರು ತಾನಾಗಿ ಬಂತು. ಹಳಬರ ಕೈ, ಹೊಸಬರ ಕಣ್ಣು, ಪಠ್ಯದ ಒಂದು ಸಣ್ಣ ಸೂತ್ರ ಮೂರೂ ಅಲ್ಲಿ ಒಟ್ಟಿಗೆ ಬೇಕಾದವು.

ಅಂದು ಸಂಜೆ ವೈರ್‌ಮನ್ ಕಾರ್ಡನ್ನು ಪೆಟ್ಟಿಗೆಗೆ ಜೋಡಿಸಿದ. ಕಡಜ ಒಳಬರುತ್ತಿದ್ದ ತೂತಿಗೆ ಸಣ್ಣ ಜಾಲರಿ ಬಿಗಿದರು. ಹುಳು ಗೂಡು ಕಟ್ಟುವವರೆಗೂ ಸೊಪ್ಪಿಗೆ ನೀರು ತಪ್ಪಲಿಲ್ಲ. ಕಾರ್ಡಿನ ಮೇಲೆ ಸಿ 9, ಆರ್ 22 ಎಂಬ ಎರಡು ಜಾಗಗಳು ಖಾಲಿಯಾಗಿಯೇ ಇವೆ. ಅವು ಖಾಲಿ ಇರಬೇಕಾದವು.